ಪಟ್ಟಿಯ ಕೊನೆಯ ಹೆಸರು

ಮೈಸೂರಿನಿಂದ ಮಾನಂದವಾಡಿಯತ್ತ ಹೊರಟ ರಸ್ತೆಯು ಹೆಗ್ಗಡದೇವನಕೋಟೆಯನ್ನು ಮುಟ್ಟುವ ಮುನ್ನ ಒಂದೆಡೆ ಕವಲೊಡೆಯುತ್ತದೆ. ಒಂದು ಕವಲು ಕೋಟೆಗೆ, ಇನ್ನೊಂದು ಸರಗೂರಿಗೆ. ಆ ಕೂಡುದಾರಿಗೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. ಕೈಮರವೆಂಬ ಸೊಗಸಾದ ಮಾತು ಕನ್ನಡದಲ್ಲಿರುವಾಗ ಈ ಊರಿಗೆ ಇಂಗ್ಲಿಷಿನ ಹೆಸರೇ ಏಕೆ ಅಂಟಿಕೊಂಡಿತೋ ತಿಳಿಯದು. ಜನರ ನಾಲಗೆ ಅದನ್ನು ತನ್ನದಾಗಿಸಿಕೊಂಡ ಮೇಲೆ ಪಂಡಿತರು ವಾದಿಸಿ ಫಲವಿಲ್ಲ. ಈ ಊರ ಸಮೀಪದ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. 1998ರ ಮಳೆಗಾಲದಲ್ಲಿ ತಾಲ್ಲೂಕಿನ ಫುಟ್‌ಬಾಲ್ ಪಂದ್ಯಕ್ಕೆ ಹದಿನೈದು ಹುಡುಗರನ್ನು ಆರಿಸಬೇಕಾಯಿತು. ವ್ಯಾಯಾಮದ ಮೇಷ್ಟ್ರು ರಜೆಯಲ್ಲಿದ್ದುದರಿಂದ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಹದಿನಾಲ್ಕು ಹೆಸರುಗಳು ಸುಲಭವಾಗಿ ಸಿಕ್ಕವು. ಹದಿನೈದನೆಯದಾಗಿ, ಬದಲಿ ಆಟಗಾರನೆಂದು, ಕಾಡಂಚಿನ ಹಾಡಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನ ಹೆಸರನ್ನು ಬರೆದೆ. ಬರಿಗಾಲಿನಲ್ಲಿ ಅವನಷ್ಟು ವೇಗವಾಗಿ ಓಡಬಲ್ಲವನು ಶಾಲೆಯಲ್ಲಿ ಮತ್ತೊಬ್ಬನಿರಲಿಲ್ಲ. ಆದರೂ ಅವನ ಹೆಸರು ಕೊನೆಗೆ ಬಂತು. ಏಕೆ ಬಂತೆಂದು ನನ್ನನ್ನು ನಾನು ಆಗ ಕೇಳಿಕೊಳ್ಳಲಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿದ ಸಂಜೆಯಿಂದ ಕೂಡುದಾರಿಯ ಚಹಾ ಅಂಗಡಿಯಲ್ಲಿ ಅದೇ ಮಾತು. ಅಂಗಡಿಯವನಿಗೆ, ಬಸ್ಸಿಗೆ ಕಾದು ನಿಂತವರಿಗೆ, ಸೊಪ್ಪು ಮಾರಲು ಬಂದ ಹೆಂಗಸರಿಗೆ, ಎಲ್ಲರಿಗೂ ಆ ಹದಿನೈದನೆಯವನ ಮೇಲೆಯೇ ಕಣ್ಣು. ನಾಯಕ ಯಾರೆಂದು ಒಬ್ಬರೂ ಕೇಳಲಿಲ್ಲ. ಅವನನ್ನು ಆಟಕ್ಕೆ ಇಳಿಸುವಿರಾ ಎಂದಷ್ಟೇ ಕೇಳಿದರು. ನೋಡೋಣವೆಂದು ನಾನು ಜಾರಿಕೊಂಡೆ.

ಕೆಲವು ವರ್ಷಗಳ ತರುವಾಯ, 2002ರಲ್ಲಿ ಪ್ರಕಟವಾದ ರಾಮಚಂದ್ರ ಗುಹಾ ಅವರ ಕ್ರಿಕೆಟ್ ಚರಿತ್ರೆಯನ್ನು ಓದುವಾಗ ಪಾಲವಣಕರ ಬಾಳೂ ಎಂಬ ಮಹಾ ಆಟಗಾರನ ಜೀವನ ಕಣ್ಣಿಗೆ ಬಿತ್ತು. ಹೆಸರನ್ನು ಮೊದಲೇ ಕೇಳಿದ್ದೆ. ಆತ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದನ್ನು ಮಾತ್ರ ಅರಿತಿರಲಿಲ್ಲ. ಓದುತ್ತ ಹೋದಂತೆ ಗೋಡೆಗೆ ಅಂಟಿಸಿದ್ದ ಆ ಪಟ್ಟಿ ಮತ್ತೆ ಮತ್ತೆ ನೆನಪಿಗೆ ಬಂದು ಮುಜುಗರವಾಯಿತು. ವಾಚಕರಲ್ಲಿ ಕ್ರಿಕೆಟಿನ ಒಲವಿಲ್ಲದವರೂ ಈ ಜೀವನವನ್ನು ತಿಳಿಯಬೇಕೆಂದು ನನ್ನ ಆಸೆ.

ಬಾಳೂ ಹುಟ್ಟಿದ್ದು 1870ರ ದಶಕದ ನಡುಭಾಗದಲ್ಲಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕುಲ ಚಮ್ಮಾರರದು, ಮನೆತನದ ಹೆಸರು ಕೊಂಕಣದ ಪಾಲವಣಿ ಎಂಬ ಹಳ್ಳಿಯಿಂದ ಬಂದದ್ದು. ತಂದೆ ಸೈನ್ಯದ ಚಾಕರಿ ಹಿಡಿದು ಪುಣೆಗೆ ಬಂದ. ಅಲ್ಲಿ ಬಿಳಿಯ ಅಧಿಕಾರಿಗಳು ಆಡಿ ಎಸೆದ ಹಳೆಯ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ತಮ್ಮ ಶಿವರಾಮ ಆಟವನ್ನು ಕಲಿತರು. ಹೊಟ್ಟೆಪಾಡಿಗಾಗಿ ಬಾಳೂ ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಅಂಗಳ ಗುಡಿಸುವ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದ. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿಯಾಯಿತು. ಅಂಗಳಕ್ಕೆ ಗೆರೆ ಎಳೆಯುವುದು, ಬಲೆ ಕಟ್ಟುವುದು, ಟೆನಿಸ್ ಅಂಗಳವನ್ನು ನೋಡಿಕೊಳ್ಳುವುದು ಅಲ್ಲಿ ಅವನ ಕೆಲಸಗಳು.

ಅಧಿಕಾರಿಗಳ ಅಭ್ಯಾಸಕ್ಕಾಗಿ ಒಮ್ಮೊಮ್ಮೆ ಚೆಂಡೆಸೆಯಲು ಕರೆದಾಗ ಎಡಗೈಯ ಆ ನಿಧಾನವಾದ ಎಸೆತದಲ್ಲಿ ಎಂಥ ವಿದ್ಯೆ ಅಡಗಿದೆಯೆಂಬುದು ಬಯಲಾಯಿತು. ಪ್ರಾಂತದ ಅತ್ಯುತ್ತಮ ದಾಂಡಿಗನೆನಿಸಿದ್ದ ಕ್ಯಾಪ್ಟನ್ ಗ್ರೆಗ್ ಉಳಿದವರಿಗಿಂತ ಮೊದಲೇ ಬಂದು ಬಾಳೂವಿನ ಎಸೆತವನ್ನು ಎದುರಿಸುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಪ್ರಚಲಿತವಾಗಿದೆ. ಗಂಟೆಗಟ್ಟಲೆ ಎಸೆದು, ನೂರಾರು ಬಾರಿ ಎಸೆದು ಆ ಕೈ ಪಳಗಿತು. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬ್ಯಾಟನ್ನು ಅವನ ಕೈಗೆ ಕೊಡಲಿಲ್ಲವಂತೆ. ಎಸೆಯುವುದು ಸೇವಕನ ದುಡಿಮೆ, ಹೊಡೆಯುವುದು ದೊರೆಗಳ ವಿಲಾಸ ಎಂಬ ಎಣಿಕೆ ಇದ್ದಿರಬೇಕು.

ಪುಣೆಯ ಹಿಂದೂಗಳ ಸಂಘಕ್ಕೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಅದಕ್ಕೆ ಬೇಕಾದ ಎಸೆತಗಾರ ಎದುರಿಗೇ ಇದ್ದಾನೆ, ಆದರೆ ಮುಟ್ಟಬಾರದವನು. ಸಂಘದಲ್ಲಿ ಬಿಸಿಬಿಸಿ ಚರ್ಚೆಯಾಯಿತು. ತೆಲುಗು ಸದಸ್ಯರು ಬೇಕೆಂದರು, ಬ್ರಾಹ್ಮಣ ಸದಸ್ಯರಲ್ಲಿ ಹಲವರು ಬೇಡವೆಂದರು. ಇಂಥವನನ್ನು ಬಿಟ್ಟರೆ ಹಿಂದೂಗಳು ಮೂರ್ಖರೆಂಬ ಅರ್ಥದ ಹೇಳಿಕೆಯನ್ನು ಗ್ರೆಗ್ ಪತ್ರಿಕೆಗೆ ಕೊಟ್ಟ ಮೇಲೆ ಬಾಳೂವಿನ ಹೆಸರು ಪಟ್ಟಿಗೆ ಸೇರಿತು. ಗ್ರೆಗ್‌ಗೆ ಇದ್ದದ್ದು ಬಾಳೂವಿನ ಮೇಲಿನ ಪ್ರೀತಿಯೋ, ಒಳ್ಳೆಯ ಎದುರಾಳಿ ಬೇಕೆಂಬ ಆಟಗಾರನ ಹಸಿವೋ, ನಾನು ಹೇಳಲಾರೆ. ಎರಡೂ ಇರಬಹುದು.

ಸೇರಿದ್ದು ಅಂಗಳಕ್ಕೆ ಮಾತ್ರ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು, ಚೆಂಡಿಗೆ ಮಡಿಯಿಲ್ಲ. ಚಹಾದ ಹೊತ್ತಾದಾಗ ಉಳಿದವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಆ ದಿನದ ವಿಕೆಟ್‌ಗಳನ್ನೆಲ್ಲ ಉರುಳಿಸಿದವನು ಹೊರಗೆ ನಿಂತು, ಕುಡಿದು ಒಡೆದುಹಾಕುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಸಾತಾರೆಯಲ್ಲಿ ಬಿಳಿಯರ ತಂಡವನ್ನು ಬಾಳೂ ಕೆಡವಿದ ಮೇಲೆ ನ್ಯಾಯಮೂರ್ತಿ ರಾನಡೆ ಅವರು ಈ ಅಸಂಗತವನ್ನು ಸಭೆಯಲ್ಲಿ ಎತ್ತಿ ತೋರಿಸಿದರು. ಜೊತೆಯಲ್ಲಿ ಆಡಬಲ್ಲವರು ಜೊತೆಯಲ್ಲಿ ಉಣ್ಣಲಾರರೇಕೆ ಎಂಬುದು ಅವರ ಪ್ರಶ್ನೆಯ ಸಾರ. ಪುಣೆಯಲ್ಲಿ ಒಂದು ಬಟ್ಟಲು ಅಷ್ಟು ದೊಡ್ಡ ಪ್ರಶ್ನೆಯಾಗಿತ್ತು.

1896ರಲ್ಲಿ ಪ್ಲೇಗು ಬಂತು. ಬಾಳೂ ಮುಂಬಯಿಗೆ ಹೋದ. ಮೊದಲು ಸೈನ್ಯದ ತುಕಡಿ, ಆಮೇಲೆ ರೈಲ್ವೆಯ ನೌಕರಿ, ಹಿಂದೂ ಜಿಮಖಾನಾದ ಆಟ. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಎಂಟು ವಿಕೆಟ್‌ಗಳು ಬಾಳೂವಿನವು. ಸ್ವದೇಶಿ ಚಳವಳಿಯ ಕಾವಿನ ಕಾಲವಾದ್ದರಿಂದ ಆ ಗೆಲುವಿಗೆ ಆಟಕ್ಕಿಂತ ಮಿಗಿಲಾದ ಅರ್ಥ ಬಂತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡ ಸೋತದ್ದೇ ಹೆಚ್ಚು; ಮಹಾರಾಜರು ಬಹುತೇಕ ಆಟಗಳಿಗೆ ಬರಲೇ ಇಲ್ಲ. ನೋಯುವ ಹೆಗಲಿನಿಂದಲೇ ಬಾಳೂ 114 ವಿಕೆಟ್‌ಗಳನ್ನು ತೆಗೆದ. ಹಿಂದಿರುಗಿದಾಗ ಮುಂಬಯಿಯ ದಲಿತ ವರ್ಗದವರು ಸನ್ಮಾನ ಸಭೆ ನಡೆಸಿದರು. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರೇ ಅಂದಿನ ಮಾನಪತ್ರವನ್ನು ಬರೆದರೆಂದು ಚರಿತ್ರಕಾರರು ಹೇಳುತ್ತಾರೆ. ತಮ್ಮವನೊಬ್ಬನ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿದ್ದನ್ನು ಯಾರಿಂದಲೋ ಓದಿಸಿ ಕೇಳಿದ ಕೂಲಿಕಾರರು ಆ ಸಭೆಯಲ್ಲಿ ಎಷ್ಟು ಮಂದಿ ಇದ್ದರೋ!

ಅಭಿಮಾನಿಗಳ ಆಸೆಗೆ ಇಲ್ಲಿಂದ ಹೊಸ ರೂಪ ಬಂತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆನ್ನುತ್ತಿದ್ದವರು ಈಗ ಅದು ಪಟ್ಟಿಯ ತಲೆಯಲ್ಲಿರಬೇಕೆಂದು ಬಯಸಿದರು. 1912ರಿಂದ ಯುರೋಪಿಯನ್, ಪಾರಸಿ, ಹಿಂದೂ, ಮುಸ್ಲಿಮ್ ತಂಡಗಳ ಚತುಷ್ಕೋಣ ಸ್ಪರ್ಧೆ ಮುಂಬಯಿಯ ದೊಡ್ಡ ಹಬ್ಬವಾಗಿತ್ತು. ವರ್ಷ ವರ್ಷವೂ ಬಾಳೂವಿನ ಪರವಾಗಿ ದನಿ ಎದ್ದಿತು; ವರ್ಷ ವರ್ಷವೂ ನಾಯಕತ್ವ ಮೇಲುಜಾತಿಯವರ ಕೈಗೇ ಹೋಯಿತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಎಂಬ ಸಾರಸ್ವತರು, ಆ ಗೌರವ ಹಿರಿಯನಾದ ಬಾಳೂವಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನ, ನಾಯಕತ್ವವೇನೋ ಅವರ ಬಳಿಯೇ ಉಳಿಯಿತು.

1920ರಲ್ಲಿ ನಡೆದದ್ದು ಇನ್ನೂ ಕಹಿ. ಪೈಗಳಿಗೆ ಕಾಯಿಲೆ. ಬಾಳೂವನ್ನು ತಂಡದಿಂದಲೇ ಕೈಬಿಟ್ಟು, ಪುಣೆಯ ಪ್ರಾಧ್ಯಾಪಕ ದೇವಧರರಿಗೆ ತಂಡವನ್ನು ಒಪ್ಪಿಸಲಾಯಿತು. ದೇವಧರರು ಉತ್ತಮ ಆಟಗಾರರೇ, ಆದರೆ ಕಿರಿಯರು. ಶಿವರಾಮ ಮತ್ತು ವಿಠಲ, ಬಾಳೂವಿನ ತಮ್ಮಂದಿರಿಬ್ಬರೂ, ಜಾತಿಯ ಕಾರಣಕ್ಕಾಗಿ ತಮ್ಮನ್ನು ಹಿಂದಿಕ್ಕಲಾಗಿದೆಯೆಂದು ಸಾರಿ ತಂಡದಿಂದ ಹೊರನಡೆದರು. ನಗರದಲ್ಲಿ ಗದ್ದಲವಾಯಿತು. ಆಯ್ಕೆಯವರು ಬಗ್ಗಿದರು: ಪಾರಸಿಗಳೆದುರಿನ ಅಂತಿಮ ಆಟಕ್ಕೆ ಬಾಳೂ ಉಪನಾಯಕನಾಗಿ ಮರಳಿದ. ಗುಣಮುಖರಾಗಿ ಬಂದಿದ್ದ ಪೈ ಆಟದ ನಡುವೆ ಬೇಕೆಂದೇ ಕೆಲಕಾಲ ಮೈದಾನ ಬಿಟ್ಟು ಹೊರಗೆ ಹೋದರು. ಅಷ್ಟು ಹೊತ್ತು ಹಿಂದೂ ತಂಡವನ್ನು ನಡೆಸಿದವನು ಬಾಳೂ. ಆಗ ಅವನಿಗೆ ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷಗಳ ಹಂಬಲಕ್ಕೆ ದೊರೆತದ್ದು ಮತ್ತೊಬ್ಬರು ಪಕ್ಕಕ್ಕೆ ಸರಿದಾಗ ಉಳಿದ ಆ ಅಲ್ಪಕಾಲ. ಪೈಗಳ ಸೌಜನ್ಯವನ್ನು ನಾನು ಹಳಿಯುವುದಿಲ್ಲ. ಆದರೂ ಆ ಸನ್ನಿವೇಶವನ್ನು ಓದುವಾಗ ಮನಸ್ಸು ತಿಳಿಯಾಗುವುದಿಲ್ಲ.

1923ರಲ್ಲಿ ವಿಠಲ ನಾಯಕನಾದ. ಆ ವರ್ಷ ಹಿಂದೂಗಳೇ ಗೆದ್ದರು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲು ಕೊಟ್ಟವರಲ್ಲಿ ಜಾತಿಯನ್ನು ಕೇಳಿದವರಿಲ್ಲ. ಅಣ್ಣ ಆ ಹೊತ್ತಿಗೆ ನಿವೃತ್ತನಾಗಿದ್ದ. ಪ್ರಥಮ ದರ್ಜೆಯ 33 ಆಟಗಳಲ್ಲಿ 179 ವಿಕೆಟ್‌ಗಳು, ಒಂದೊಂದಕ್ಕೆ ಕೊಟ್ಟ ಓಟಗಳು ಸರಾಸರಿ ಹದಿನೈದು. ಅಂಕಿಗಳನ್ನು ಬಲ್ಲವರಿಗೆ ಇಷ್ಟು ಸಾಕು.

ಇನ್ನು ಹೇಳಲು ಕಷ್ಟವಾದ ಭಾಗ. ಬಾಳೂ ಮೆಲುಮಾತಿನ ಮನುಷ್ಯ. ಸಿಟ್ಟನ್ನು ತಮ್ಮಂದಿರಷ್ಟು ಹೊರಗೆ ತೋರಿದವನಲ್ಲ. 1932ರ ಪುಣೆ ಒಪ್ಪಂದದ ಕಾಲಕ್ಕೆ ಆತ ಗಾಂಧೀಜಿಯವರ ನಿಲುವಿಗೆ ಸಮೀಪದಲ್ಲಿ ನಿಂತ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಮುಂಬಯಿಯಲ್ಲಿ ಅಂಬೇಡ್ಕರರ ಎದುರಿಗೇ ಸ್ಪರ್ಧಿಸಿದ. ಅಂಬೇಡ್ಕರರಿಗೆ 13,245 ಮತಗಳು, ಬಾಳೂವಿಗೆ 11,225. ಒಂದು ಕಾಲದಲ್ಲಿ ಮೈದಾನದ ಬೇಲಿಯಾಚೆ ನಿಂತು ಈತನಿಗಾಗಿ ಕೂಗಿದ್ದ ಎಷ್ಟೋ ಜನ ಆ ದಿನ ಇಬ್ಬರು ತಮ್ಮವರಲ್ಲಿ ಒಬ್ಬರನ್ನು ಆರಿಸಬೇಕಾಯಿತು. ಈ ಸಲ ಪಟ್ಟಿ ಅವರ ಕೈಯಲ್ಲೇ ಇತ್ತು. ಬಾಳೂ ಹಾದಿ ತಪ್ಪಿದನೆಂದು ತೀರ್ಪು ಕೊಡುವವರುಂಟು. ನನಗೆ ಅಷ್ಟು ಸಲೀಸಾಗಿ ಹಾಗೆನ್ನಲು ಆಗದು. ಮಣ್ಣಿನ ಕುಡಿಕೆಯಿಂದ ತೊಡಗಿ ಬಟ್ಟಲಿನವರೆಗೆ ಬಂದವನಿಗೆ ಮನುಷ್ಯರು ಮೆಲ್ಲಮೆಲ್ಲನೆ ಬದಲಾಗುತ್ತಾರೆಂಬ ನಂಬಿಕೆ ಹುಟ್ಟಿರಬಹುದು. ಆ ಮೆಲ್ಲಮೆಲ್ಲನೆ ಎಂಬುದಕ್ಕೆ ಒಂದು ಜೀವಮಾನ ಸಾಲದೆಂಬುದೇ ಅಂಬೇಡ್ಕರರ ವಾದವಾಗಿತ್ತಲ್ಲವೆ? 1955ರ ಜುಲೈ 4ರಂದು ಬಾಳೂ ತೀರಿಕೊಂಡ.

ನಮ್ಮ ತಾಲ್ಲೂಕಿನ ಆ ಫುಟ್‌ಬಾಲ್ ಪಂದ್ಯದ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಅಂದು ಜಿಟಿಜಿಟಿ ಮಳೆ. ಹಾಡಿಯಿಂದ ಹತ್ತಾರು ಜನ ನಡೆದು ಬಂದು ಗೂಟದ ಹಗ್ಗದಾಚೆ ನಿಂತಿದ್ದರು. ಆಟ ಕೈಮೀರಿದ ಮೇಲೆ, ಕೊನೆಯ ಹತ್ತು ನಿಮಿಷಕ್ಕೆ, ಹದಿನೈದನೆಯವನನ್ನು ಒಳಗೆ ಕಳಿಸಿದೆ. ಚೆಂಡು ಅವನ ಕಾಲಿಗೆ ಮೂರು ಬಾರಿ ಸಿಕ್ಕಿತು. ಮೂರು ಬಾರಿಯೂ ಆ ಜನ ಕೂಗಿದ ಕೂಗಿಗೆ ನಮ್ಮ ನಾಯಕನೇ ಬೆರಗಾಗಿ ತಿರುಗಿ ನೋಡಿದ. ಗೋಲೇನೂ ಆಗಲಿಲ್ಲ. ಮರುವರ್ಷ ಅವನ ಹೆಸರನ್ನು ಮೊದಲಿಗೇ ಬರೆದುಕೊಂಡು ತರಗತಿಗೆ ಹೋದೆ, ಹಾಜರಿಯಲ್ಲಿ ಅವನಿರಲಿಲ್ಲ. ಮನೆಯವರೊಡನೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾನೆಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ.