ಕಾಲದ ಗುಟ್ಟನ್ನು ಅರಿತ ಐನ್‌ಸ್ಟೈನ್

ಒಳ್ಳೆಯ ಗಡಿಯಾರವನ್ನು ಎಲ್ಲಿಟ್ಟರೂ ಅದು ಒಂದೇ ರೀತಿ ನಡೆಯುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಬೇಕಲ ಕೋಟೆಯ ಬುಡದ ಕಡಲ ತೀರದಲ್ಲಿ ಒಂದು ಗಡಿಯಾರ, ರಾಣಿಪುರಂ ಬೆಟ್ಟದ ತುದಿಯಲ್ಲಿ ಇನ್ನೊಂದು ಗಡಿಯಾರ ಇಟ್ಟರೆ ಎರಡೂ ಒಂದೇ ವೇಳೆಯನ್ನು ತೋರಿಸಬೇಡವೇ? ತೋರಿಸಲೇಬೇಕೆಂದು ಮಾನವನು ಬಹುಕಾಲ ತಿಳಿದಿದ್ದನು. ಕಾಲವು ಎಲ್ಲೆಡೆಯೂ ಸಮನಾಗಿ ಹರಿಯುತ್ತದೆಂದೇ ಮಹಾವಿಜ್ಞಾನಿ ನ್ಯೂಟನ್ನರೂ ಭಾವಿಸಿದ್ದರು. ಅದು ಹಾಗಲ್ಲ, ಕೆಳಗಿನ ಗಡಿಯಾರ ತುಸು ನಿಧಾನ, ಮೇಲಿನದು ತುಸು ಬೇಗ ಎಂದು 1907ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಸರಕಾರಿ ಕಚೇರಿಯೊಂದರ ತರುಣ ನೌಕರರು. ಅವರೇ ಆಲ್ಬರ್ಟ್ ಐನ್‌ಸ್ಟೈನ್. ಅವರ ಈ ಮಾತು ಭೂಮಿಯ ಮೇಲೆ ಪ್ರಯೋಗದಿಂದ ಸಿದ್ಧವಾಗುವಾಗ ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು.

ಐನ್‌ಸ್ಟೈನರು 1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಹರ್ಮನ್, ತಾಯಿ ಪೌಲೀನ್. ತಂದೆಯವರದು ವಿದ್ಯುತ್ ಉಪಕರಣಗಳ ವ್ಯಾಪಾರ. ಬಾಲಕನಾಗಿದ್ದಾಗ ತಂದೆ ತೋರಿಸಿದ ದಿಕ್ಸೂಚಿಯೊಂದು ಆಲ್ಬರ್ಟರ ಮನಸ್ಸನ್ನು ಸೆರೆಹಿಡಿಯಿತು. ಯಾರೂ ಮುಟ್ಟದೆ ಮುಳ್ಳು ತಾನಾಗಿ ಒಂದೇ ದಿಕ್ಕಿಗೆ ತಿರುಗುವುದನ್ನು ಕಂಡು ಅವರು ಬೆರಗಾದರು. ಆ ಬೆರಗು ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

ಅವರು ಗಣಿತದಲ್ಲಿ ದಡ್ಡರಾಗಿದ್ದರು ಎಂಬ ಕಥೆ ಎಲ್ಲೆಡೆ ಹರಡಿದೆ. ಅದು ಸರಿಯಲ್ಲ. ಗಣಿತದಲ್ಲಿ ಅವರು ಸಣ್ಣಂದಿನಿಂದಲೇ ಚುರುಕು. ಆದರೆ ಮ್ಯೂನಿಕ್ ನಗರದ ಶಾಲೆಯ ಬಿಗಿಯಾದ ಶಿಸ್ತು, ಬಾಯಿಪಾಠ ಅವರಿಗೆ ಹಿಡಿಸಲಿಲ್ಲ. 1894ರಲ್ಲಿ ತಂದೆಯ ವ್ಯಾಪಾರ ಮುಗ್ಗರಿಸಿ ಸಂಸಾರ ಇಟಲಿಗೆ ಹೋದಾಗ ಅವರೂ ಶಾಲೆ ಬಿಟ್ಟು ಹಿಂಬಾಲಿಸಿದರು. ಮುಂದಿನ ವರ್ಷ ಜೂರಿಕ್‌ನ ಪಾಲಿಟೆಕ್ನಿಕ್ಕಿನ ಪ್ರವೇಶ ಪರೀಕ್ಷೆಗೆ ಕುಳಿತರು. ಗಣಿತ ಮತ್ತು ವಿಜ್ಞಾನದಲ್ಲಿ ಒಳ್ಳೆಯ ಅಂಕಗಳು ಬಂದರೂ ಉಳಿದ ವಿಷಯಗಳಲ್ಲಿ ಹಿಂದುಳಿದು ಅನುತ್ತೀರ್ಣರಾದರು. ಎದೆಗುಂದದೆ ಆರೌ ಎಂಬಲ್ಲಿ ಒಂದು ವರ್ಷ ಓದಿ, 1896ರಲ್ಲಿ ಪಾಲಿಟೆಕ್ನಿಕ್ ಸೇರಿ, 1900ರಲ್ಲಿ ಪದವಿ ಪಡೆದರು.

ಪದವಿ ದೊರೆತರೂ ಕೆಲಸ ದೊರೆಯಲಿಲ್ಲ. ಎರಡು ವರ್ಷ ಅಲ್ಲಿ ಇಲ್ಲಿ ಪಾಠ ಹೇಳಿ ದಿನ ನೂಕಿದರು. ಕೊನೆಗೆ 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಮೂರನೆಯ ದರ್ಜೆಯ ಪರೀಕ್ಷಕನ ಹುದ್ದೆ ಸಿಕ್ಕಿತು. ಹೊಸ ಯಂತ್ರಗಳ ನಕ್ಷೆಗಳನ್ನು ಪರಿಶೀಲಿಸುವುದು ಅಲ್ಲಿಯ ಕೆಲಸ. ಈ ನೌಕರಿಯ ನಡುವೆಯೇ 1905ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಲೋಕವನ್ನೇ ಬದಲಿಸಿದ ಪ್ರಬಂಧಗಳನ್ನು ಅವರು ಬರೆದರು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂಬ ವಿಚಾರ ಅವುಗಳಲ್ಲೊಂದರಲ್ಲಿತ್ತು. ಆದರೆ ಗುರುತ್ವಾಕರ್ಷಣೆಯ ಪ್ರಶ್ನೆ ಹಾಗೆಯೇ ಉಳಿದಿತ್ತು.

1907ರಲ್ಲಿ ಒಂದು ದಿನ ಕಚೇರಿಯಲ್ಲಿ ಕುಳಿತಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಮನೆಯ ಮಾಡಿನಿಂದ ಬೀಳುವವನಿಗೆ ಬೀಳುತ್ತಿರುವಷ್ಟು ಹೊತ್ತು ತನ್ನ ಭಾರವೇ ತಿಳಿಯುವುದಿಲ್ಲ. ಇದನ್ನೇ ತಿರುಗಿಸಿ ನೋಡೋಣ. ಆಕಾಶದಲ್ಲಿ, ಯಾವ ಗ್ರಹದ ಸೆಳೆತವೂ ಇಲ್ಲದ ಕಡೆ, ಮುಚ್ಚಿದ ದೊಡ್ಡ ಪೆಟ್ಟಿಗೆಯೊಂದನ್ನು ಕ್ಷಣಕ್ಷಣಕ್ಕೂ ವೇಗ ಹೆಚ್ಚಿಸುತ್ತಾ ಮೇಲಕ್ಕೆ ಎಳೆದರೆ ಒಳಗಿದ್ದವನ ಕಾಲು ನೆಲಕ್ಕೆ ಒತ್ತುತ್ತದೆ. ತಾನು ಭೂಮಿಯ ಮೇಲೆ ನಿಂತಿದ್ದೇನೆಂದೇ ಅವನು ತಿಳಿಯುತ್ತಾನೆ. ಅಂದರೆ ವೇಗೋತ್ಕರ್ಷ ಮತ್ತು ಗುರುತ್ವಗಳನ್ನು ಪೆಟ್ಟಿಗೆಯ ಒಳಗಿನಿಂದ ಬೇರ್ಪಡಿಸಿ ಗುರುತಿಸಲಾಗದು.

ಇದಕ್ಕೂ ಗಡಿಯಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಪೆಟ್ಟಿಗೆಯ ನೆಲದಲ್ಲಿ ಕುಳಿತ ಒಬ್ಬನು, ಯಕ್ಷಗಾನದ ಚೆಂಡೆಯವರು ತಾಳ ತಪ್ಪದೆ ಬಾರಿಸುವಂತೆ, ಸೆಕೆಂಡಿಗೊಮ್ಮೆ ದೀಪ ಮಿನುಗಿಸುತ್ತಾನೆ ಎನ್ನೋಣ. ಮೇಲೆ ಮುಚ್ಚಿಗೆಯ ಬಳಿ ಇನ್ನೊಬ್ಬನು ಆ ಮಿಂಚುಗಳನ್ನು ಎಣಿಸುತ್ತಾನೆ. ಬೆಳಕು ಮೇಲೆ ತಲಪುವಷ್ಟರಲ್ಲಿ ಪೆಟ್ಟಿಗೆಯ ವೇಗ ಹೆಚ್ಚಿರುತ್ತದೆ. ಮುಚ್ಚಿಗೆ ಬೆಳಕಿನಿಂದ ದೂರ ಓಡುತ್ತಿರುತ್ತದೆ. ಆದುದರಿಂದ ಮಿಂಚುಗಳು ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಮೇಲಿನವನನ್ನು ತಲಪುತ್ತವೆ. ನಿಲ್ದಾಣ ದಾಟಿ ದೂರ ಸಾಗುವ ರೈಲಿನ ಕೂಗು ಇಳಿದ ಶ್ರುತಿಯಲ್ಲಿ ಕೇಳಿಸುವುದೂ ಇಂಥದೇ ಕಾರಣದಿಂದ.

ಪೆಟ್ಟಿಗೆಯಲ್ಲಿ ಆದದ್ದು ಭೂಮಿಯ ಮೇಲೂ ಆಗಲೇಬೇಕು. ಆದರೆ ಇಲ್ಲಿ ನೆಲವೂ ಮುಚ್ಚಿಗೆಯೂ ಓಡುತ್ತಿಲ್ಲ, ನಡುವೆ ಒಂದು ಮಿಂಚೂ ಕಳೆದುಹೋಗುವುದಿಲ್ಲ. ಹಾಗಾದರೆ ಅಂತರ ಹೆಚ್ಚಲು ಉಳಿದಿರುವ ಕಾರಣ ಒಂದೇ. ಕೆಳಗಿನವನ ಒಂದು ಸೆಕೆಂಡು ಮೇಲಿನವನ ಒಂದು ಸೆಕೆಂಡಿಗಿಂತ ದೀರ್ಘವಾಗಿದೆ! ಭೂಮಿಗೆ ಹತ್ತಿರವಿದ್ದಷ್ಟೂ ಕಾಲದ ನಡಿಗೆ ನಿಧಾನ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೆಟ್ಟದ ಮೇಲೆ ಗುರುತ್ವ ಕಡಿಮೆಯಾದುದರಿಂದ ಲೋಲಕದ ಗಡಿಯಾರ ಅಲ್ಲಿ ನಿಧಾನವಾಗುತ್ತದೆಂದು ನಾವು ತರಗತಿಯಲ್ಲಿ ಕಲಿತಿದ್ದೇವೆ. ಸಾವಿರ ಮೀಟರ್ ಎತ್ತರದಲ್ಲಿ ಅದು ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಅದು ಲೋಲಕದ ದೋಷ, ಕಾಲದ ಬದಲಾವಣೆಯಲ್ಲ. ಐನ್‌ಸ್ಟೈನರು ಹೇಳಿದ್ದು ಕಾಲವನ್ನೇ ಕುರಿತು. ಪರಮಾಣುವಿನ ಕಂಪನ, ಹೃದಯದ ಬಡಿತ, ಗಿಡದ ಬೆಳವಣಿಗೆ ಎಲ್ಲವೂ ಬೆಟ್ಟದ ಮೇಲೆ ತುಸು ಬೇಗ. ಆದರೆ ಅದು ಎಷ್ಟು ಅಲ್ಪವೆಂದರೆ, ಕಡಲ ಮಟ್ಟಕ್ಕೂ ಸಾವಿರ ಮೀಟರ್ ಎತ್ತರಕ್ಕೂ ಒಂದು ಸೆಕೆಂಡಿನ ವ್ಯತ್ಯಾಸ ಬರಬೇಕಾದರೆ ಸುಮಾರು ಮೂರು ಲಕ್ಷ ವರ್ಷಗಳು ಬೇಕು. ಸೂರ್ಯನ ಮೇಲ್ಮೈಯಲ್ಲಾದರೆ ವರ್ಷಕ್ಕೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ.

ಈ ಮೊದಲ ಹೊಳಹಿನಿಂದ ಪೂರ್ಣ ಸಿದ್ಧಾಂತಕ್ಕೆ ಬರಲು ಎಂಟು ವರ್ಷಗಳು ಹಿಡಿದವು. ದಾರಿಯಲ್ಲಿ ಅವರು ತಪ್ಪನ್ನೂ ಮಾಡಿದರು. ಸೂರ್ಯನ ಬಳಿ ಹಾದುಬರುವ ನಕ್ಷತ್ರದ ಬೆಳಕು ಎಷ್ಟು ಬಾಗುತ್ತದೆಂದು 1911ರಲ್ಲಿ ಅವರು ಹಾಕಿದ ಲೆಕ್ಕ ನಿಜವಾದುದರ ಅರ್ಧದಷ್ಟಿತ್ತು. ಅದನ್ನು ಪರೀಕ್ಷಿಸಲು 1914ರ ಆಗಸ್ಟ್ ತಿಂಗಳ ಗ್ರಹಣಕ್ಕೆ ಜರ್ಮನ್ ವಿಜ್ಞಾನಿಗಳು ರಷ್ಯಕ್ಕೆ ಹೋಗಿದ್ದರು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ ಅವರು ಸೆರೆಯಾದರು. ಅಂದು ಅಳತೆ ಸಾಧ್ಯವಾಗಿದ್ದರೆ ಐನ್‌ಸ್ಟೈನರ ಲೆಕ್ಕ ತಪ್ಪೆಂದು ಲೋಕ ಹೇಳುತ್ತಿತ್ತು. ಅದೃಷ್ಟವನ್ನು ನಂಬಿ ಅವರು ಸುಮ್ಮನಿರಲಿಲ್ಲ. ಗೆಳೆಯ ಗ್ರಾಸ್‌ಮನ್ನರ ನೆರವಿನಿಂದ ತಮಗೆ ತಿಳಿಯದಿದ್ದ ಗಣಿತವನ್ನು ವಿದ್ಯಾರ್ಥಿಯಂತೆ ಕಲಿತು, ಮತ್ತೆ ಮತ್ತೆ ತಿದ್ದಿ, 1915ರ ನವೆಂಬರ್ 25ರಂದು ಬರ್ಲಿನ್ನಿನಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಮಂಡಿಸಿದರು.

1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ ಇಂಗ್ಲೆಂಡಿನ ಎಡಿಂಗ್‌ಟನ್ನರೂ ಅವರ ಸಂಗಡಿಗರೂ ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲೂ ಬ್ರೆಜಿಲಿನ ಸೊಬ್ರಾಲ್‌ನಲ್ಲೂ ನಕ್ಷತ್ರಗಳ ಚಿತ್ರ ತೆಗೆದರು. ಬೆಳಕು ಬಾಗಿದ್ದು ಹೊಸ ಲೆಕ್ಕಕ್ಕೆ ಸರಿಹೊಂದಿತು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನರು ನೋಡಿದ್ದು ಕಂಕಣ ಗ್ರಹಣ. ಅದರಲ್ಲಿ ಸೂರ್ಯನ ಅಂಚು ಬಳೆಯಂತೆ ಉಳಿಯುವುದರಿಂದ ಇಂಥ ಅಳತೆ ಸಾಧ್ಯವಿಲ್ಲ. ಅದಕ್ಕೆ ಪೂರ್ಣ ಗ್ರಹಣದ ಕತ್ತಲೆಯೇ ಬೇಕು.

ಲಂಡನ್ನಿನಿಂದ ಈ ಸುದ್ದಿ ಹೊರಟಾಗ ಐನ್‌ಸ್ಟೈನರು ಜಗತ್ಪ್ರಸಿದ್ಧರಾದರು. ಆದರೆ ಕಾಲದ ನಡಿಗೆಯ ಮಾತು ಮಾತ್ರ ಇತ್ಯರ್ಥವಾಗದೆ ಉಳಿಯಿತು. ನಮ್ಮ ದಕ್ಷಿಣ ಭಾರತದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಎಂಬವರು ಸೂರ್ಯನ ಬೆಳಕಿನ ರೇಖೆಗಳನ್ನು ಅಳೆದು ಇದನ್ನು ಹುಡುಕಿದರು. ಅಲ್ಲಿನ ಬಿಸಿ ಅನಿಲಗಳ ಚಲನೆಯೂ ಬೆರೆತುಕೊಂಡಿದ್ದುದರಿಂದ ಖಚಿತವಾದ ತೀರ್ಮಾನ ಸುಲಭವಾಗಲಿಲ್ಲ. 1921ರ ನೊಬೆಲ್ ಪಾರಿತೋಷಕ ಐನ್‌ಸ್ಟೈನರಿಗೆ ದೊರೆತದ್ದೂ ದ್ಯುತಿವಿದ್ಯುತ್ ಪರಿಣಾಮದ ಸಂಶೋಧನೆಗೆ, ಸಾಪೇಕ್ಷತೆಗಲ್ಲ.

1933ರಲ್ಲಿ ಹಿಟ್ಲರನ ಆಳ್ವಿಕೆ ಬಂದಾಗ ಯೆಹೂದ್ಯರಾದ ಅವರು ಜರ್ಮನಿಯನ್ನು ತೊರೆದು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನೆಲೆಸಿದರು. ಗಾಂಧೀಜಿಯವರಲ್ಲಿ ಅವರಿಗೆ ಅಪಾರ ಗೌರವವಿತ್ತು. ಅಣ್ವಸ್ತ್ರಗಳ ವಿರುದ್ಧ ಕೊನೆಯ ತನಕವೂ ದನಿ ಎತ್ತಿದರು. 1955ರ ಏಪ್ರಿಲ್ 18ರಂದು ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

1960ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪೌಂಡ್ ಮತ್ತು ರೆಬ್ಕಾ ಎಂಬವರು ಕೇವಲ 22.5 ಮೀಟರ್ ಎತ್ತರದ ಗೋಪುರದಲ್ಲಿ ಗಾಮಾ ಕಿರಣಗಳನ್ನು ಬಳಸಿ ಆ ಸೂಕ್ಷ್ಮ ವ್ಯತ್ಯಾಸವನ್ನು ಅಳೆದೇಬಿಟ್ಟರು. ಒಂದು ದೊಡ್ಡ ತೆಂಗಿನ ಮರದ ಎತ್ತರವಷ್ಟೆ! 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬವರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ನೋಡಿದರು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಗಡಿಯಾರವನ್ನು ಒಂದಡಿಯಷ್ಟು ಎತ್ತಿದರೂ ವ್ಯತ್ಯಾಸ ಕಾಣುವಂತೆ ಮಾಡಿದರು.

ಇಂದು ನಮ್ಮ ಕರಾವಳಿಯ ಮೀನುಗಾರರು ದೋಣಿಯಲ್ಲಿ ದಾರಿ ಕಂಡುಕೊಳ್ಳುವ ಜಿಪಿಎಸ್ ಉಪಕರಣದಲ್ಲೂ ಈ ಲೆಕ್ಕವಿದೆ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳ ಗಡಿಯಾರಗಳು ಗುರುತ್ವ ಕಡಿಮೆಯಾದುದರಿಂದ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೋಡುತ್ತವೆ, ತಮ್ಮ ವೇಗದಿಂದಾಗಿ 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತವೆ. ಉಳಿದ 38 ಮೈಕ್ರೊಸೆಕೆಂಡುಗಳನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸುಮಾರು ಹತ್ತು ಕಿಲೋಮೀಟರ್ ದಾರಿ ತಪ್ಪೀತು.

ಕನ್ನಡಿಗರೂ ಈ ದಾರಿಯಲ್ಲಿ ನಡೆದಿದ್ದಾರೆ. ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ ಅವರು, ಕಾಲವು ನಿಂತೇಹೋದಂತೆ ಹೊರಗಿನವರಿಗೆ ತೋರುವ ಕಪ್ಪು ಕುಳಿಗಳನ್ನು ಕುರಿತು 1970ರಲ್ಲೇ ಮಹತ್ವದ ಲೆಕ್ಕ ಮಾಡಿದ್ದರು. ಕದಡಿದ ಕಪ್ಪು ಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು ಅವರು ಕಂಡುಕೊಂಡಿದ್ದರು. 2015ರಲ್ಲಿ ಗುರುತ್ವದ ಅಲೆಗಳು ಮೊದಲ ಬಾರಿಗೆ ಸಿಕ್ಕಾಗ ಅಂಥ ಮಿಡಿತ ಅವುಗಳಲ್ಲಿ ಕಂಡಿತು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಒಮ್ಮೆ ಸೋತ, ಕೆಲಸವಿಲ್ಲದೆ ಅಲೆದ, ಲೆಕ್ಕದಲ್ಲಿ ತಪ್ಪಿದ ಒಬ್ಬ ತರುಣ ತನ್ನ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಗೋಪುರದ ಬುಡದಲ್ಲೂ ತುದಿಯಲ್ಲೂ ಕಾಲದ ನಡಿಗೆ ಬೇರೆಯೆಂದು ಅಳೆದು ತೋರಿಸಿದ ದಿನವನ್ನು ಕಾಣಲು ಅವರು ಇರಲಿಲ್ಲ. ಫಲ ಸಿಗಲು ತಡವಾದೀತೆಂದು ಪ್ರಶ್ನೆ ಕೇಳುವುದನ್ನು ನಾವೂ ಬಿಡದಿರೋಣ.