ಮನೆಗೊಂದು ಮುಖ, ಬೀದಿಗೊಂದು ಮುಖ: ಅಲ್ ಕಪೋನನ ಬದುಕು



ಒಂದು ಮದುವೆಯಿಂದ ಆರಂಭಿಸೋಣ. 1918ರ ಡಿಸೆಂಬರ್ 30. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಸಮುದ್ರತಾರೆ ಸಂತ ಮರಿಯಮ್ಮನವರ ದೇವಾಲಯ. ವರನಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಇಟಲಿಯಿಂದ ವಲಸೆ ಬಂದ ಕ್ಷೌರಿಕನೊಬ್ಬನ ಮಗ. ವಧು ಅವನಿಗಿಂತ ಸುಮಾರು ಎರಡು ವರ್ಷ ದೊಡ್ಡವಳು, ಐರಿಷ್ ಕಥೋಲಿಕ ಮನೆತನದ ಹುಡುಗಿ, ಹೆಸರು ಮೇ. ಅವರ ಗಂಡುಮಗು ಹುಟ್ಟಿ ಆಗಲೇ ಮೂರು ವಾರ ಕಳೆದಿತ್ತು. ಇಂಥ ಮದುವೆಗಳನ್ನು ನಡೆಸಿಕೊಡದ ಧರ್ಮಕೇಂದ್ರದ ಗುರು ಯಾರೂ ಇರಲಾರರು. ಎಷ್ಟೋ ಸಂಸಾರಗಳು ಹೀಗೆ ಶುರುವಾಗಿ ಚೆನ್ನಾಗಿ ಬಾಳಿವೆ. ಅಂದು ಬಲಿಪೀಠದ ಮುಂದೆ ನಿಂತಿದ್ದ ಹುಡುಗನೂ ಹೆಂಡತಿಯನ್ನು ಬಿಡಲಿಲ್ಲ, ಮಗನನ್ನು ಕೈಬಿಡಲಿಲ್ಲ, ತಾಯಿಯನ್ನು ಸಾಯುವವರೆಗೂ ಮರೆಯಲಿಲ್ಲ. ಆದರೆ ಹತ್ತು ವರ್ಷ ತುಂಬುವಷ್ಟರಲ್ಲಿ ಅವನ ಹೆಸರು ಕೇಳಿದರೆ ಇಡೀ ಶಿಕಾಗೋ ನಗರ ನಡುಗುವಂತಾಗಿತ್ತು. ಅವನೇ ಆಲ್ಫೋನ್ಸ್ ಕಪೋನ್, ಜಗತ್ತು ಬಲ್ಲ ಅಲ್ ಕಪೋನ್.

ಅವನ ತಂದೆ ಗಾಬ್ರಿಯೇಲೆ, ತಾಯಿ ತೆರೆಸಾ. ನೇಪಲ್ಸ್ ಸಮೀಪದ ಆಂಗ್ರಿ ಎಂಬ ಊರಿನವರು. 1890ರ ದಶಕದಲ್ಲಿ ಹಡಗು ಹತ್ತಿ ಅಮೆರಿಕೆಗೆ ಬಂದವರು. ತಂದೆಯ ಕೈಯಲ್ಲಿ ಕತ್ತರಿ, ತಾಯಿಯ ಕೈಯಲ್ಲಿ ಹೊಲಿಗೆಯ ಸೂಜಿ. ಹೀಗೆ ಒಂಬತ್ತು ಮಕ್ಕಳನ್ನು ಸಾಕಿದರು. ಆ ತಂದೆ ಪೊಲೀಸರ ಕಣ್ಣಿಗೆ ಬಿದ್ದವನಲ್ಲ, ಯಾರ ಹಣವನ್ನೂ ಮುಟ್ಟಿದವನಲ್ಲ. ದುಷ್ಟ ಮಗನಿಗೆ ದುಷ್ಟ ತಂದೆ ಇದ್ದಿರಬೇಕು ಎಂದು ಊಹಿಸುವುದು ನಮಗೆ ಸುಲಭ. ಇಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅದೇ ಮನೆಯ ಹಿರಿಯ ಮಗ ವಿನ್ಸೆಂಜೊ ಚಿಕ್ಕಂದಿನಲ್ಲೇ ಮನೆ ಬಿಟ್ಟು ಪಶ್ಚಿಮಕ್ಕೆ ಹೋದ, ರಿಚರ್ಡ್ ಹಾರ್ಟ್ ಎಂದು ಹೆಸರು ಬದಲಿಸಿಕೊಂಡ, ನೆಬ್ರಾಸ್ಕಾದಲ್ಲಿ ಕಳ್ಳಭಟ್ಟಿಗಳ ಮೇಲೆ ದಾಳಿ ಮಾಡುವ ಅಧಿಕಾರಿಯಾದ. ಒಂದೇ ಗರ್ಭದಿಂದ ಬಂದ ಇಬ್ಬರಲ್ಲಿ ಒಬ್ಬ ಕಳ್ಳಸಾರಾಯಿ ಮಾರಿದ, ಇನ್ನೊಬ್ಬ ಅದನ್ನು ಹಿಡಿದ!

ಅಲ್ ಹುಟ್ಟಿದ್ದು 1899ರ ಜನವರಿ 17ರಂದು. ಓದಿನಲ್ಲಿ ಚುರುಕಾಗಿದ್ದರೂ ಹದಿನಾಲ್ಕನೇ ವಯಸ್ಸಿಗೆ ಶಿಕ್ಷಕಿಯ ಮೇಲೆ ಕೈಮಾಡಿ ಶಾಲೆ ಬಿಟ್ಟ. ಬೀದಿಯಲ್ಲಿ ಅವನಿಗೆ ಇನ್ನೊಬ್ಬ ಗುರು ಸಿಕ್ಕಿದ್ದ. ಆತನ ಹೆಸರು ಜಾನಿ ಟೋರಿಯೊ. ಗಟ್ಟಿಯಾಗಿ ಮಾತಾಡದ, ಕುಡಿಯದ, ಸಿಗರೇಟು ಮುಟ್ಟದ ಮನುಷ್ಯ. ಹಗಲೆಲ್ಲ ವೇಶ್ಯಾಗೃಹ, ಜೂಜಿನ ಅಡ್ಡೆಗಳ ವ್ಯವಹಾರ ನೋಡಿಕೊಂಡು, ಸಂಜೆ ಆರಕ್ಕೆ ಸರಿಯಾಗಿ ಮನೆ ಸೇರಿ ಹೆಂಡತಿಯ ಜೊತೆ ಸಂಗೀತ ಕೇಳುತ್ತಾ ಕೂರುತ್ತಿದ್ದವನು. ಕೊಲೆ ಮಾಡುವುದನ್ನು ಅಲ್ ಬೇರೆ ಯಾರಿಂದಲಾದರೂ ಕಲಿಯಬಹುದಿತ್ತು. ಮನೆಗೂ ದಂಧೆಗೂ ನಡುವೆ ಗೋಡೆ ಕಟ್ಟುವ ವಿದ್ಯೆಯನ್ನು ಮಾತ್ರ ಅವನು ಕಲಿತದ್ದು ಈ ಟೋರಿಯೊನಿಂದ.

ಕೋನಿ ಐಲೆಂಡಿನ ಒಂದು ಮದ್ಯದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ ಒಬ್ಬ ಹುಡುಗಿಯ ಬಗ್ಗೆ ಅಸಭ್ಯವಾಗಿ ಮಾತಾಡಿದ. ಅವಳ ಅಣ್ಣ ಚೂರಿ ಎಳೆದು ಎಡಗೆನ್ನೆ ಸೀಳಿದ. ಆ ಗಾಯದ ಗುರುತನ್ನು ಅಲ್ ಆಮೇಲೆ ಪೌಡರ್ ಹಚ್ಚಿ ಮುಚ್ಚುತ್ತಿದ್ದ, ಛಾಯಾಗ್ರಾಹಕರಿಗೆ ಬಲಗೆನ್ನೆ ತೋರಿಸುತ್ತಿದ್ದ, ಯುದ್ಧದಲ್ಲಿ ಆದ ಗಾಯವೆಂದು ಸುಳ್ಳು ಹೇಳುತ್ತಿದ್ದ. ಅವನು ಯುದ್ಧಕ್ಕೆ ಹೋದವನೇ ಅಲ್ಲ.

1920ರ ಜನವರಿ 17ರಂದು ಅವನಿಗೆ ಇಪ್ಪತ್ತೊಂದು ತುಂಬಿತು. ಅಮೆರಿಕದಾದ್ಯಂತ ಪಾನನಿರೋಧ ಜಾರಿಗೆ ಬಂದದ್ದೂ ಅದೇ ದಿನ. ಮದ್ಯ ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧವಾಯಿತು. ಬಲಿಪೂಜೆಯ ದ್ರಾಕ್ಷಾರಸಕ್ಕೆ ವಿನಾಯಿತಿ ಇತ್ತು. ಕಾನೂನು ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಂಡೇ ಎಷ್ಟೋ ಹೆಂಗಸರು ಅದಕ್ಕಾಗಿ ಹೋರಾಡಿದ್ದರು. ಆದರೆ ಕುಡಿಯುವವರು ಕುಡಿಯುವುದನ್ನು ಬಿಡಲಿಲ್ಲ, ಮಾರುವವರು ಮಾತ್ರ ಬದಲಾದರು. ಶಿಕಾಗೋದಲ್ಲಿ ನೆಲೆಯೂರಿದ್ದ ಟೋರಿಯೊ ಅಲ್‌ನನ್ನು ಅಲ್ಲಿಗೆ ಕರೆಸಿಕೊಂಡ. 1923ರಲ್ಲಿ ಸೌತ್ ಪ್ರೇರಿ ಅವೆನ್ಯೂ ಎಂಬ ಬೀದಿಯಲ್ಲಿ ಇಟ್ಟಿಗೆಯ ಎರಡಂತಸ್ತಿನ ಮನೆ ಖರೀದಿಯಾಯಿತು. ಅಷ್ಟರಲ್ಲಿ ವಿಧವೆಯಾಗಿದ್ದ ತಾಯಿ, ತಮ್ಮಂದಿರು, ತಂಗಿ, ಹೆಂಡತಿ, ಮಗ ಎಲ್ಲರೂ ಅದೇ ಸೂರಿನಡಿ ಸೇರಿದರು. ಅಲ್ ಅಡಿಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಸ್ಪಗೆಟಿ ಮಾಡುತ್ತಿದ್ದ. ಪತ್ರಕರ್ತರು ಬಂದಾಗ ಅದೇ ವೇಷದಲ್ಲಿ ಬಾಗಿಲು ತೆರೆದದ್ದೂ ಉಂಟು. ಅಕ್ಕಪಕ್ಕದವರಿಗೆ ಅವನು ಹಳೆ ಸಾಮಾನಿನ ವ್ಯಾಪಾರಿ ಎಂದು ಹೇಳುವ ಕಾರ್ಡು ಅವನ ಜೇಬಿನಲ್ಲಿರುತ್ತಿತ್ತು.

ಓದುಗರೇ, ಇಂಥವನನ್ನು ಏನೆಂದು ಕರೆಯೋಣ? ಕಪಟಿ ಎನ್ನಬಹುದು. ನನಗೆ ಆ ಪದ ಸಾಲದು ಅನಿಸುತ್ತದೆ. ಕಪಟಿಗೆ ತಾನು ನಟಿಸುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಕಪೋನನಿಗೆ ಮನೆಯ ಮೇಲಿದ್ದ ಪ್ರೀತಿ ನಿಜವಾದದ್ದೇ. ಮನುಷ್ಯ ಕೆಟ್ಟದ್ದನ್ನು ಆರಿಸುವಾಗಲೂ ಅದರಲ್ಲಿ ಒಂದು ಒಳ್ಳೆಯದನ್ನು ಕಂಡೇ ಆರಿಸುತ್ತಾನೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಗುರುಮಠದಲ್ಲಿ ಇದನ್ನು ಓದಿದಾಗ ನನಗೆ ಅದು ಪರೀಕ್ಷೆಗೆ ಬರುವ ಪ್ರಶ್ನೆ ಮಾತ್ರವಾಗಿತ್ತು. ಧರ್ಮಕೇಂದ್ರಗಳಲ್ಲಿ ಮನೆಭೇಟಿಗೆ ಹೋಗತೊಡಗಿದ ಮೇಲೆ ಅರ್ಥವಾಯಿತು. ಎಲ್ಲವನ್ನೂ ಮಕ್ಕಳಿಗಾಗಿಯೇ ಮಾಡುತ್ತಿದ್ದೇನೆ ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ!

ಗೋಡೆ ಬಿರುಕು ಬಿಡತೊಡಗಿದ್ದು ಬೇಗನೆ. 1924ರ ಏಪ್ರಿಲ್ 1ರಂದು ಶಿಕಾಗೋ ಪಕ್ಕದ ಸಿಸೆರೋ ಪಟ್ಟಣದ ಚುನಾವಣೆಯಲ್ಲಿ ಕಪೋನನ ತಂಡ ಬಂದೂಕು ಹಿಡಿದು ಮತದಾರರನ್ನು ಹೆದರಿಸಿತು. ಪೊಲೀಸರ ಗುಂಡಿಗೆ ಅಣ್ಣ ಫ್ರಾಂಕ್ ಬೀದಿಯಲ್ಲೇ ಸತ್ತ. ಅವನ ಹೆಣ ತಾಯಿಯ ಮನೆಗೇ ಬಂತು. ಶವಯಾತ್ರೆಗೆ ಹೂವು ಒದಗಿಸಿದ್ದು ಡೀನ್ ಓಬೇನಿಯನ್ ಎಂಬ ಐರಿಷ್ ಪಾತಕಿಯ ಅಂಗಡಿ. ಅವನು ಹುಡುಗನಾಗಿದ್ದಾಗ ಶಿಕಾಗೋದ ಪವಿತ್ರ ನಾಮದ ಪ್ರಧಾನಾಲಯದಲ್ಲಿ ಹಾಡುತ್ತಿದ್ದವನು. ಅವನ ಹೂವಿನಂಗಡಿ ಆ ಪ್ರಧಾನಾಲಯದ ಎದುರಿಗೇ ಇತ್ತು. ಅದೇ ವರ್ಷದ ನವೆಂಬರ್ 10ರಂದು ಮೂವರು ಆ ಅಂಗಡಿಗೆ ಬಂದರು. ಒಬ್ಬ ಕೈಕುಲುಕುವ ನೆಪದಲ್ಲಿ ಅವನ ಕೈ ಹಿಡಿದುಕೊಂಡ, ಉಳಿದವರು ಗುಂಡು ಹಾರಿಸಿದರು. ಧರ್ಮಸಭೆ ಅವನಿಗೆ ಮೃತರ ಬಲಿಪೂಜೆಯನ್ನು ನಿರಾಕರಿಸಿತು. ಅವನನ್ನು ಬಾಲ್ಯದಿಂದ ಬಲ್ಲ ಒಬ್ಬ ಗುರುಗಳು ಮಾತ್ರ ಸಮಾಧಿಯ ಬಳಿ ನಿಂತು ಜಪ ಹೇಳಿದರು.

ಸೇಡಿಗೆ ಸೇಡು. 1925ರ ಜನವರಿಯಲ್ಲಿ ಟೋರಿಯೊ ಹೆಂಡತಿಯೊಂದಿಗೆ ಪೇಟೆಯಿಂದ ಬಂದು ಮನೆಯ ಮುಂದೆ ಕಾರು ಇಳಿಯುವಾಗ ಅವನ ಮೇಲೆ ಗುಂಡಿನ ಮಳೆ ಸುರಿಯಿತು. ಆರಕ್ಕೆ ಮನೆ ಸೇರುವ ಗುರುವಿಗೆ ಆ ಮನೆಯ ಬಾಗಿಲಲ್ಲೇ ಗುಂಡು ಬಿತ್ತು. ಬದುಕಿ ಉಳಿದವನು ಎಲ್ಲವನ್ನೂ ಶಿಷ್ಯನಿಗೆ ಬಿಟ್ಟುಕೊಟ್ಟು ಊರು ಬಿಟ್ಟ. ಇಪ್ಪತ್ತಾರನೇ ವಯಸ್ಸಿಗೆ ಕಪೋನ್ ಒಡೆಯನಾದ. 1926ರ ಅಕ್ಟೋಬರ್ 11ರಂದು ಓಬೇನಿಯನ್‌ನ ಉತ್ತರಾಧಿಕಾರಿ ಹೈಮಿ ವೈಸ್ ಅದೇ ಪ್ರಧಾನಾಲಯದ ಎದುರು ಮೆಷಿನ್‌ಗನ್ನಿಗೆ ಬಲಿಯಾದ. ಹಾರಿದ ಗುಂಡುಗಳು ಪ್ರಧಾನಾಲಯದ ಮೂಲೆಗಲ್ಲಿಗೂ ತಗುಲಿದವು. ಯೇಸುವಿನ ನಾಮಕ್ಕೆ ಎಲ್ಲರೂ ಮೊಣಕಾಲೂರುವರು ಎಂದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಮಾತನ್ನು ಆ ಕಲ್ಲಿನಲ್ಲಿ ಕೆತ್ತಿದ್ದರು. ಅದರ ಅಕ್ಷರಗಳೇ ಒಡೆದುಹೋದವು.

ಈ ಎರಡು ಕೊಲೆಗಳ ನಡುವೆ ಇನ್ನೊಂದು ಘಟನೆ ನಡೆಯಿತು. ಮಗ ಸನ್ನಿಗೆ ಕಿವಿಯ ಹಿಂದಿನ ಮೂಳೆಗೆ ಸೋಂಕು ತಗುಲಿತ್ತು. 1925ರ ಡಿಸೆಂಬರಿನಲ್ಲಿ ಗಂಡಹೆಂಡಿರು ಏಳು ವರ್ಷದ ಆ ಹುಡುಗನನ್ನು ಶಸ್ತ್ರಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಕರೆದೊಯ್ದರು. ಮಗನ ಜೀವ ಉಳಿಯಿತು, ಶ್ರವಣಶಕ್ತಿ ಪೂರ್ತಿ ಉಳಿಯಲಿಲ್ಲ. ಅದೇ ಪ್ರಯಾಣದಲ್ಲಿ, ಕ್ರಿಸ್ತಜಯಂತಿಯ ರಾತ್ರಿ ಕಳೆದು ಡಿಸೆಂಬರ್ 26ರ ನಸುಕಿನಲ್ಲಿ, ಬ್ರೂಕ್ಲಿನ್‌ನ ಒಂದು ಕ್ಲಬ್ಬಿನಲ್ಲಿ ಗುಂಡು ಹಾರಿ ಮೂವರು ಸತ್ತರು. ಬಂಧಿತರಲ್ಲಿ ಕಪೋನನೂ ಇದ್ದ. ಎಂದಿನಂತೆ ಸಾಕ್ಷಿಗಳಿರಲಿಲ್ಲ, ಬಿಡುಗಡೆಯಾಯಿತು. ಕಿವಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಮಗನ ಹಾಸಿಗೆಗೂ ಆ ಕ್ಲಬ್ಬಿಗೂ ಎಷ್ಟು ದೂರ?

1929ರ ಫೆಬ್ರವರಿ 14ರ ಹತ್ಯಾಕಾಂಡ ನಿಮಗೆ ಸಿನಿಮಾಗಳಿಂದ ಗೊತ್ತಿರಬಹುದು. ಸಂತ ವ್ಯಾಲೆಂಟೈನರ ದಿನ ಒಂದು ಗ್ಯಾರೇಜಿನಲ್ಲಿ ಏಳು ಮಂದಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೊಂದರು. ಕೊಂದವರಲ್ಲಿ ಕೆಲವರು ಪೊಲೀಸರ ಸಮವಸ್ತ್ರದಲ್ಲಿ ಬಂದಿದ್ದರು. ಸತ್ತವರಲ್ಲಿ ಒಬ್ಬ ಮೆಕ್ಯಾನಿಕ್, ಹಲವು ಮಕ್ಕಳ ತಂದೆ. ಕಪೋನ್ ಆಗ ಫ್ಲಾರಿಡಾದ ಪಾಮ್ ಐಲೆಂಡಿನಲ್ಲಿ ಹೊಸದಾಗಿ ಕೊಂಡ ಬಂಗಲೆಯಲ್ಲಿದ್ದ. ಅಪ್ಪಣೆ ಅವನದೇ ಎಂದು ಜನ ನಂಬಿದರು, ಆದರೆ ಆ ಕೊಲೆಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಮುಂದಿನ ವರ್ಷ ಆರ್ಥಿಕ ಕುಸಿತದಿಂದ ಲಕ್ಷಾಂತರ ಜನ ಕೆಲಸ ಕಳೆದುಕೊಂಡಾಗ ಅವನು ಶಿಕಾಗೋದಲ್ಲಿ ಗಂಜಿಕೇಂದ್ರ ತೆರೆದ. ದಿನವೂ ಸಾವಿರಾರು ಹಸಿದವರು ಸಾಲು ನಿಂತು ಸೂಪು, ರೊಟ್ಟಿ, ಕಾಫಿ ಪಡೆದರು. ಅದೇ 1930ರಲ್ಲಿ ಶಿಕಾಗೋದ ಅಪರಾಧ ಆಯೋಗ ಅವನನ್ನು ಸಾರ್ವಜನಿಕ ಶತ್ರುಗಳ ಪಟ್ಟಿಯಲ್ಲಿ ಮೊದಲನೆಯವನನ್ನಾಗಿ ಇಟ್ಟಿತು. ಊಟ ಮಾಡಿದವರ ಹಸಿವು ನಿಜ, ಅವರನ್ನು ನಾನು ದೂರಲಾರೆ. ಆದರೆ ಜಕ್ಕಾಯ ಬಡವರಿಗೆ ಅರ್ಧ ಆಸ್ತಿ ಕೊಟ್ಟು ಸುಮ್ಮನಾಗಲಿಲ್ಲ, ವಂಚಿಸಿದವರಿಗೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ದಾನ ಬೇರೆ, ಮರುಪಾವತಿ ಬೇರೆ. ದೇವಾಲಯದ ಗಂಟೆಗೋ ಗೋಪುರಕ್ಕೋ ದೊಡ್ಡ ಮೊತ್ತ ಕೊಡಲು ಬಂದವರ ಮುಂದೆ ಈ ವ್ಯತ್ಯಾಸವನ್ನು ಹೇಳುವ ಧೈರ್ಯ ನಮ್ಮಂಥ ಗುರುಗಳಿಗೂ ಯಾವಾಗಲೂ ಇರುವುದಿಲ್ಲ.

ಕೊನೆಗೆ ಅವನನ್ನು ಹಿಡಿದದ್ದು ಕೊಲೆಯ ಮೊಕದ್ದಮೆಯಲ್ಲ, ತೆರಿಗೆಯ ಲೆಕ್ಕ. ಅಕ್ರಮ ಸಂಪಾದನೆಗೂ ತೆರಿಗೆ ಕಟ್ಟಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ತೀರ್ಪಿತ್ತಿತ್ತು. ಕಪೋನನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿರಲಿಲ್ಲ, ಅವನು ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ. ತೆರಿಗೆ ಇಲಾಖೆಯ ಫ್ರಾಂಕ್ ವಿಲ್ಸನ್ ಎಂಬ ಅಧಿಕಾರಿ ತಾಳ್ಮೆಯಿಂದ ಹುಡುಕಿದ. 1926ರಲ್ಲಿ ಸಿಸೆರೋದ ಜೂಜಿನ ಅಡ್ಡೆಯಿಂದ ವಶಪಡಿಸಿಕೊಂಡಿದ್ದ ಲೆಕ್ಕದ ಪುಸ್ತಕಗಳು ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಲಾಭ ಹಂಚಿದ ಲೆಕ್ಕ ಅದರಲ್ಲಿತ್ತು. ಅದನ್ನು ಬರೆದ ಗುಮಾಸ್ತನೂ ಸಿಕ್ಕಿದ. 1931ರ ಅಕ್ಟೋಬರಿನಲ್ಲಿ ವಿಚಾರಣೆ ಶುರುವಾಗುವ ಹೊತ್ತಿಗೆ ಕಪೋನನ ಕಡೆಯವರು ಜ್ಯೂರಿಗಳನ್ನು ಕೊಳ್ಳಲು ಹೊರಟಿರುವ ಸುದ್ದಿ ನ್ಯಾಯಾಧೀಶ ವಿಲ್ಕರ್ಸನ್‌ಗೆ ಮುಟ್ಟಿತ್ತು. ಅವರು ಸದ್ದಿಲ್ಲದೆ ಇಡೀ ಜ್ಯೂರಿಯನ್ನೇ ಬದಲಿಸಿಬಿಟ್ಟರು. ಅಕ್ಟೋಬರ್ 24ರಂದು 11 ವರ್ಷ ಸೆರೆವಾಸ, 50,000 ಡಾಲರ್ ದಂಡ ವಿಧಿಸಲಾಯಿತು.

ಆ ತನಿಖೆಗೆ ಒಳಗಿನಿಂದ ನೆರವಾದವನು ಕಪೋನನ ಜೊತೆಗಾರನೇ ಆಗಿದ್ದ ವಕೀಲ ಎಡ್ವರ್ಡ್ ಓಹೇರ್. 1939ರಲ್ಲಿ ಅವನನ್ನೂ ಗುಂಡಿಟ್ಟು ಕೊಂದರು. ಅವನ ಮಗ ಎರಡನೇ ಮಹಾಯುದ್ಧದಲ್ಲಿ ವೀರ ವಿಮಾನಚಾಲಕನಾಗಿ ಹೆಸರಾದ. ಶಿಕಾಗೋದ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ಆ ಮಗನ ಹೆಸರನ್ನೇ. ಧ್ಯಾನಕೂಟಗಳಲ್ಲಿ ಈ ತಂದೆಮಗನ ಕಥೆಯನ್ನು ಬಹಳ ಸಿಂಗರಿಸಿ ಹೇಳುತ್ತಾರೆ. ಸಿಂಗಾರ ತೆಗೆದರೂ ಇಷ್ಟು ಉಳಿಯುತ್ತದೆ.

ಕಪೋನನ ಸೆರೆಮನೆಯ ದಿನಗಳು ಅಟ್ಲಾಂಟಾದಲ್ಲಿ ಆರಂಭವಾಗಿ, 1934ರ ಆಗಸ್ಟಿನಿಂದ ಆಲ್ಕಟ್ರಾಜ್ ದ್ವೀಪದಲ್ಲಿ ಮುಂದುವರಿದವು. ಅಲ್ಲಿ ಅವನು 85ನೇ ನಂಬರಿನ ಕೈದಿ. ಒಬ್ಬ ಸಹಕೈದಿ ಕತ್ತರಿಯಿಂದ ಇರಿದ. ಕೈದಿಗಳ ವಾದ್ಯವೃಂದದಲ್ಲಿ ತಂತಿವಾದ್ಯ ನುಡಿಸಲು ಕಲಿತ. ಮಗನಿಗೆ ಪತ್ರ ಬರೆದ. ಆದರೆ ವೇಶ್ಯಾಗೃಹಗಳ ದಿನಗಳಲ್ಲಿ ಅಂಟಿಸಿಕೊಂಡು, ಚಿಕಿತ್ಸೆ ಮಾಡಿಸದೆ ಮುಚ್ಚಿಟ್ಟಿದ್ದ ಸಿಫಿಲಿಸ್ ರೋಗ ಅಷ್ಟರಲ್ಲಿ ಮಿದುಳಿಗೆ ಏರಿತ್ತು. 1938ರ ಹೊತ್ತಿಗೆ ಅವನಿಗೆ ಬುದ್ಧಿಭ್ರಮೆಯಾಗಿರುವುದು ಎಲ್ಲರಿಗೂ ಕಾಣುತ್ತಿತ್ತು. 1939ರ ನವೆಂಬರಿನಲ್ಲಿ ಬಿಡುಗಡೆಯಾದಾಗ ಸಾಮ್ರಾಜ್ಯವೂ ಇರಲಿಲ್ಲ, ಅದನ್ನು ಆಳುವ ಬುದ್ಧಿಯೂ ಇರಲಿಲ್ಲ. ಚಿಕಿತ್ಸೆ ಕೊಟ್ಟ ಬಾಲ್ಟಿಮೋರಿನ ಆಸ್ಪತ್ರೆಗೆ ಎರಡು ಚೆರಿ ಗಿಡಗಳನ್ನು ಕೊಟ್ಟು ಪಾಮ್ ಐಲೆಂಡಿಗೆ ಹೋದ. 1946ರಲ್ಲಿ ಪರೀಕ್ಷಿಸಿದ ವೈದ್ಯರು ಅವನಿಗೆ ಹನ್ನೆರಡು ವರ್ಷದ ಹುಡುಗನ ಬುದ್ಧಿಯಿದೆ ಎಂದರು. ಮೇ ಅವನನ್ನು ಮಗುವಿನಂತೆ ನೋಡಿಕೊಂಡಳು.

1947ರ ಜನವರಿ 25ರಂದು, ನಲವತ್ತೆಂಟನೇ ವಯಸ್ಸಿನಲ್ಲಿ, ಮನೆಯವರ ನಡುವೆ ಸತ್ತ. ಮಾನ್ಸಿಜ್ಞೊರ್ ವಿಲಿಯಂ ಬ್ಯಾರಿಯವರು ಅಂತ್ಯಾಭ್ಯಂಗ ನೀಡಿದ್ದರು. ಪಶ್ಚಾತ್ತಾಪ ಪಡುವಷ್ಟು ಬುದ್ಧಿ ಅವನಲ್ಲಿ ಉಳಿದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ರೋಗಿಯ ಹಾಸಿಗೆಯ ಬಳಿ ಎಣ್ಣೆಯ ಕರಂಡ ಹಿಡಿದು ನಿಂತಾಗ ಗುರುವಾದವನು ಆ ಪ್ರಶ್ನೆಯನ್ನು ದೇವರಿಗೆ ಬಿಡುತ್ತಾನೆ. ಬಿಡದೆ ಬೇರೆ ದಾರಿಯಿಲ್ಲ.

ಯಾರಿಗಾಗಿ ಎಲ್ಲವನ್ನೂ ಮಾಡಿದೆನೆಂದುಕೊಂಡಿದ್ದನೋ ಆ ಮಗ ದಂಧೆಗೆ ಇಳಿಯಲಿಲ್ಲ. ಓದಿದ, ದುಡಿದ, ನಾಲ್ವರು ಹೆಣ್ಣುಮಕ್ಕಳ ತಂದೆಯಾದ. 1965ರಲ್ಲಿ ಅಂಗಡಿಯೊಂದರಲ್ಲಿ ಆಸ್ಪಿರಿನ್ ಮತ್ತು ಬ್ಯಾಟರಿಗಳನ್ನು ಹಣ ಕೊಡದೆ ಜೇಬಿಗಿಳಿಸಿ ಸಿಕ್ಕಿಬಿದ್ದ. ಬೆಲೆ ಮೂರೂವರೆ ಡಾಲರ್. ಬೇರೆ ಯಾರಾದರೂ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಕಪೋನನ ಮಗ ಎಂಬ ಕಾರಣಕ್ಕೆ ದೇಶದ ಪತ್ರಿಕೆಗಳೆಲ್ಲ ಬರೆದವು. ಮರುವರ್ಷ ಅವನು ನ್ಯಾಯಾಲಯದ ಮೂಲಕ ತಂದೆಯ ಮನೆತನದ ಹೆಸರನ್ನು ತೆಗೆದುಹಾಕಿ ಆಲ್ಬರ್ಟ್ ಫ್ರಾನ್ಸಿಸ್ ಬ್ರೌನ್ ಆದ. 2004ರಲ್ಲಿ ಸತ್ತ. 2021ರಲ್ಲಿ ಮೊಮ್ಮಕ್ಕಳು ಅಜ್ಜನ ಪಿಸ್ತೂಲನ್ನೂ ಆಲ್ಕಟ್ರಾಜ್‌ನಿಂದ ಅವನು ಮಗನಿಗೆ ಬರೆದ ಪತ್ರವನ್ನೂ ಹರಾಜಿಗಿಟ್ಟರು. ಪಾಮ್ ಐಲೆಂಡಿನ ಬಂಗಲೆಯನ್ನು 2023ರಲ್ಲಿ ಕೆಡವಿದರು.

ಕಪೋನನ ಸಮಾಧಿ ಶಿಕಾಗೋ ಹೊರವಲಯದ ಕಾರ್ಮೆಲ್ ಬೆಟ್ಟದ ಕಥೋಲಿಕ ಸಮಾಧಿಭೂಮಿಯಲ್ಲಿದೆ. ಓಬೇನಿಯನ್ ಇರುವುದೂ ಅಲ್ಲೇ, ವೈಸ್ ಇರುವುದೂ ಅಲ್ಲೇ. 1996ರಲ್ಲಿ ತೀರಿಕೊಂಡ ಕಾರ್ಡಿನಲ್ ಬರ್ನಾರ್ಡಿನ್ ಅವರ ಸಮಾಧಿಯೂ ಅಲ್ಲೇ ಇದೆ. ನೋಡಲು ಬಂದವರು ಕಪೋನನ ಕಲ್ಲಿನ ಮೇಲೆ ನಾಣ್ಯಗಳನ್ನೂ ಸಿಗಾರುಗಳನ್ನೂ ಇಟ್ಟು ಹೋಗುತ್ತಾರೆ. ಆ ಕಲ್ಲಿನಲ್ಲಿ ಅವನ ಹೆಸರು, ಹುಟ್ಟಿದ ಮತ್ತು ಸತ್ತ ದಿನಾಂಕ, ಅವುಗಳ ಕೆಳಗೆ ಯೇಸುವಿನ ಕರುಣೆಯನ್ನು ಬೇಡುವ ಮೂರು ಪದಗಳಿವೆ.