ಪರವೂರಿನಲ್ಲಿ ನೆರೆಯವರಾದ ಸಂತ ಜೋಸೆಫ್ ವಾಜ್



ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಕ್ರಿಸ್ತಜಯಂತಿಯ ಸಂಭ್ರಮ ಮುಗಿದು, ಗೋದಲಿಯನ್ನು ಬಿಚ್ಚಿಟ್ಟ ಮೇಲೆ ಬರುವ ಈ ಹಬ್ಬ ನಮ್ಮ ಅನೇಕ ಮನೆಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಈ ಸಲ ಹಾಗಾಗದಿರಲಿ ಎಂದು ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳುತ್ತಿದ್ದೇವೆ. ಅದಕ್ಕೊಂದು ಕಾರಣವೂ ಇದೆ. ನಮ್ಮ ಮಕ್ಕಳು ಓದಿಗೆಂದು, ಕೆಲಸಕ್ಕೆಂದು, ಮದುವೆಯಾಗಿ ಹೊಸ ಊರುಗಳಿಗೆ ಹೋಗುತ್ತಿದ್ದಾರೆ. ಹೋದ ಕಡೆ ಇಡೀ ಬೀದಿಗೆ ತಮ್ಮದೊಂದೇ ಕಥೋಲಿಕ ಮನೆ. ನೆರೆಯವರ ಹಬ್ಬದೂಟಕ್ಕೆ ಹೋಗಬೇಕೆ? ಗೋಡೆಯ ಮೇಲಿನ ಶಿಲುಬೆಯನ್ನು ಬಾಗಿಲಿಗೆ ಕಾಣುವಂತೆ ಇಡಬೇಕೆ, ಒಳಗಿಡಬೇಕೆ? ನಮ್ಮ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಎಷ್ಟು ಹೇಳಬೇಕು? ಭಾಷೆಯಲ್ಲೂ ಧರ್ಮದಲ್ಲೂ ಕಡಿಮೆ ಸಂಖ್ಯೆಯವರಾದ ನಮಗೆ ಇವು ದಿನನಿತ್ಯದ ಪ್ರಶ್ನೆಗಳು. ಜೋಸೆಫ್ ವಾಜರು ತಮ್ಮ ಯಾಜಕ ಜೀವನದ ಬಹುಪಾಲನ್ನು ಇಂಥ ಊರುಗಳಲ್ಲೇ ಕಳೆದವರು.

ಎಲ್ಲರೂ ನಮ್ಮವರೇ ಆಗಿದ್ದ ಊರು

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವೆಯ ಬೆನಾವ್ಲಿಯಲ್ಲಿ. ತಂದೆ ಕ್ರಿಸ್ತೊವಾಂ ವಾಜ್, ತಾಯಿ ಮರಿಯ ದೆ ಮಿರಾಂದ. ತಂದೆಯ ಊರು ಸಾಂಕ್ವಾಳ್. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಕಲಿತು, ಹಳೆ ಗೋವೆಯಲ್ಲಿ ಉನ್ನತ ವಿದ್ಯಾಭ್ಯಾಸ ಮುಗಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟು ಅವರಿಗೆ ಅರ್ಪಿಸಿಕೊಂಡರು.

ಅವರು ಬೆಳೆದ ಸೀಮೆಯಲ್ಲಿ ಸುತ್ತಲಿನವರೆಲ್ಲ ಕಥೋಲಿಕರು, ಆಳುವವರೂ ಕಥೋಲಿಕರು. ಇಗರ್ಜಿಯ ಗಂಟೆಗೆ ಊರೇ ಎದ್ದು ಮಲಗುತ್ತಿತ್ತು. ಅದೇ ನೆಲದಲ್ಲಿ ಪೋರ್ಚುಗೀಸ್ ಸರಕಾರ ಹಿಂದೂ ದೇವಸ್ಥಾನಗಳನ್ನು ಕೆಡವಿಸಿತ್ತು, ಅವರ ಬಹಿರಂಗ ಪೂಜೆಯನ್ನು ನಿಷೇಧಿಸಿತ್ತು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಧರ್ಮದ ಜೊತೆಗೆ ಅಧಿಕಾರವೂ ಸೇರಿಕೊಂಡಿದ್ದ ಊರು ಅದು. ಜೋಸೆಫ್ ವಾಜರ ಮುಂದಿನ ಬದುಕನ್ನು ತಿಳಿಯಲು ಈ ಮಾತು ನೆನಪಿನಲ್ಲಿರಬೇಕು. ಏಕೆಂದರೆ ಅವರು ಅಲ್ಲಿಂದ ಹೊರಟು ಹೋದದ್ದೆಲ್ಲ ಆ ಅಧಿಕಾರದ ಬೆಂಬಲ ಸಿಗದ ಕಡೆಗೆ.

ಕನ್ನಡ ಕರಾವಳಿಯಲ್ಲಿ ಮೂರು ವರ್ಷ

1681ರಲ್ಲಿ ಗೋವೆಯ ಧರ್ಮಸಭೆ ಅವರನ್ನು ಕೆನರಾ ಸೀಮೆಗೆ ಮೇಲ್ವಿಚಾರಕ ಗುರುಗಳಾಗಿ ಕಳುಹಿಸಿತು. ಆಗ ನಮ್ಮ ಕರಾವಳಿ ಕೆಳದಿಯ ಅರಸರಿಗೆ ಸೇರಿತ್ತು. ಆಳುತ್ತಿದ್ದವರು ವೀರಶೈವರಾದ ರಾಣಿ ಚೆನ್ನಮ್ಮ. ಗೋವೆಯಿಂದ ವಲಸೆ ಬಂದ ಕಥೋಲಿಕರು ಅಲ್ಲಲ್ಲಿ ಬೇಸಾಯ ಮಾಡಿಕೊಂಡು, ಬೇರೆ ಧರ್ಮದ ನೆರೆಹೊರೆಯ ನಡುವೆ ಬದುಕುತ್ತಿದ್ದರು. ಅವರಿಗೆ ಗುರುಗಳ ಕೊರತೆಯಿತ್ತು. ಅದರ ಮೇಲೆ, ಯಾವ ಧರ್ಮಾಧ್ಯಕ್ಷರಿಗೆ ವಿಧೇಯರಾಗಿರಬೇಕು ಎಂಬ ಜಗಳದಲ್ಲಿ ಕಥೋಲಿಕರೇ ಎರಡು ಪಕ್ಷವಾಗಿದ್ದರು.

ಜೋಸೆಫ್ ವಾಜರು ಮಂಗಳೂರು, ಬಸ್ರೂರು, ಗಂಗೊಳ್ಳಿ ಎಂದು ಕರಾವಳಿಯುದ್ದಕ್ಕೂ ತಿರುಗಿದರು. ಪಾಪನಿವೇದನೆ ಕೇಳಿದರು, ರೋಗಿಗಳನ್ನು ಕಂಡರು, ಒಡೆದ ಮನಸ್ಸುಗಳನ್ನು ಸಮಾಧಾನಪಡಿಸಲು ನೋಡಿದರು. ಬೇರೆಯವರ ನಡುವೆ ಬದುಕುವ ಪುಟ್ಟ ಸಮುದಾಯಕ್ಕೆ ಹೊರಗಿನವರಿಗಿಂತ ಒಳಗಿನ ಜಗಳವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಅಲ್ಲಿ ಅವರ ಕಣ್ಣೆದುರೇ ಇತ್ತು. 1684ರಲ್ಲಿ ಗೋವೆಗೆ ಹಿಂದಿರುಗಿದರು. ಇಂದಿಗೂ ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಬೇರೆ ಧರ್ಮದವರೂ ಅಲ್ಲಿಗೆ ಬಂದು ಪ್ರಾರ್ಥಿಸುತ್ತಾರೆ.

ಕೂಲಿಯಾಳಿನ ವೇಷದಲ್ಲಿ

ಗೋವೆಗೆ ಮರಳಿದ ಮೇಲೆ, 1685ರಲ್ಲಿ, ಈ ನಾಡಿನವರೇ ಆದ ಗುರುಗಳು ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಕಟ್ಟುತ್ತಿದ್ದ ಒರಟೋರಿಯನ್ ಸಂಘವನ್ನು ಅವರು ಸೇರಿದರು. ಆದರೆ ಮನಸ್ಸು ಸಿಲೋನಿನ ಕಡೆಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. ಕ್ಯಾಲ್ವಿನ್ ಪಂಥದವರಾದ ಅವರು ಕಥೋಲಿಕ ಗುರುಗಳನ್ನು ಹೊರಗಟ್ಟಿದರು, ಬಲಿಪೂಜೆಯನ್ನು ನಿಷೇಧಿಸಿದರು, ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ಇಟ್ಟರು. ಮೂವತ್ತು ವರ್ಷಗಳ ಕಾಲ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಉಳಿದಿದ್ದರು. ಅವರನ್ನು ಹುಡುಕಿಕೊಂಡು ಹೋಗುವುದೇ ಜೋಸೆಫ್ ವಾಜರ ಹಂಬಲ.

1686ರಲ್ಲಿ ಜಾನ್ ಎಂಬ ಸೇವಕನನ್ನು ಜೊತೆಗಿಟ್ಟುಕೊಂಡು ಹೊರಟರು. ಕರಾವಳಿಯ ದಾರಿ ಹಿಡಿದು ಟುಟಿಕೋರಿನ್ ತಲುಪಿ, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಸಮುದ್ರ ದಾಟಿ ಜಾಫ್ನಾ ಸೇರಿದರು. ಕೈಯಲ್ಲಿ ಹಣವಿಲ್ಲ, ಪರಿಚಯದ ಮುಖವಿಲ್ಲ. ಸೇರಿದ ಕೂಡಲೇ ಭೇದಿ ಹಿಡಿದು ಸಾಯುವ ಸ್ಥಿತಿಗೆ ಬಂದರು. ಅಪರಿಚಿತ ಹೆಂಗಸೊಬ್ಬಳು ಕರುಣೆಯಿಂದ ತಂದುಕೊಟ್ಟ ಗಂಜಿಯಿಂದ ಅವರು ಬದುಕಿ ಉಳಿದರೆಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಹೊಸ ನಾಡಿನಲ್ಲಿ ಅವರ ಮೊದಲ ಕೆಲಸ ಕೊಡುವುದಾಗಿರಲಿಲ್ಲ, ತೆಗೆದುಕೊಳ್ಳುವುದಾಗಿತ್ತು.

ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಗುರು ಎಂಬುದನ್ನು ಮರೆಮಾಡಿದ್ದರು, ಯಾಕೆಂದರೆ ತಿಳಿದರೆ ಆಶ್ರಯ ಕೊಟ್ಟವರ ತಲೆಗೆ ಆಪತ್ತು. ಜಪಮಾಲೆಯನ್ನು ಮಾತ್ರ ಮರೆಮಾಡಲಿಲ್ಲ. ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೆ ಎಂದು ಗಮನಿಸುತ್ತಾ ಒಬ್ಬೊಬ್ಬರೇ ಕಥೋಲಿಕರನ್ನು ಗುರುತಿಸಿದರು. ನಂಬಿಕೆಯವರೆಂದು ಖಚಿತವಾದ ಮೇಲೆಯೇ ತಾವು ಯಾರೆಂದು ಹೇಳಿದರು. ಸಿಲ್ಲಾಲೆ ಎಂಬ ಹಳ್ಳಿಯ ಜನ ಅವರನ್ನು ಅಡಗಿಸಿಟ್ಟುಕೊಂಡರು. ರಾತ್ರಿಯ ಹೊತ್ತು ಬಲಿಪೂಜೆ, ದೀಕ್ಷಾಸ್ನಾನ, ಪಾಪನಿವೇದನೆ ನಡೆದವು. 1689ರ ಕ್ರಿಸ್ತಜಯಂತಿಯ ಸಮಯದಲ್ಲಿ ಡಚ್ ಸೈನಿಕರು ದಾಳಿ ಮಾಡಿ ಕಥೋಲಿಕರನ್ನು ಹಿಡಿದರು. ಜೋಸೆಫ್ ವಾಜರು ತಪ್ಪಿಸಿಕೊಂಡು, 1690ರಲ್ಲಿ ಡಚ್ಚರ ಆಳ್ವಿಕೆ ಇಲ್ಲದ ಪುತ್ತಳಂ ಕಡೆಗೆ ಹೋದರು. ಅದು ಕ್ಯಾಂಡಿಯ ಅರಸನ ಸೀಮೆ.

ಬೌದ್ಧ ಅರಸನ ನೆರಳಿನಲ್ಲಿ

1692ರಲ್ಲಿ ಅವರು ರಾಜಧಾನಿ ಕ್ಯಾಂಡಿಗೆ ಹೊರಟರು. ಪೋರ್ಚುಗೀಸರ ಗೂಢಚಾರನೆಂದು ಅವರ ಮೇಲೆ ಚಾಡಿ ಹೋಯಿತು. ಆ ಚಾಡಿ ಹೇಳಿದವರು ಬೌದ್ಧರಲ್ಲ, ಕ್ಯಾಲ್ವಿನ್ ಪಂಥದ ಕ್ರೈಸ್ತರೇ. ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ. ಜೋಸೆಫ್ ವಾಜರು ಆ ದಿನಗಳನ್ನು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ಕಾವಲಿನವರು ಅವರ ನಡತೆ ಕಂಡು ಬಿಗಿ ಸಡಿಲಿಸಿದರು. ಮೊದಲು ಗುಡಿಸಲಿನಂಥ ಪ್ರಾರ್ಥನಾಲಯ, ಆಮೇಲೆ ಮಾತೆ ಮರಿಯಮ್ಮನವರ ಹೆಸರಿನ ಚಿಕ್ಕ ಇಗರ್ಜಿ ಎದ್ದಿತು. ನಾಡಿನಲ್ಲಿ ಬರ ಬಿದ್ದಾಗ ಅವರು ಬಹಿರಂಗವಾಗಿ ಪ್ರಾರ್ಥಿಸಿದರೆಂದೂ ಮಳೆ ಬಂತೆಂದೂ ಪರಂಪರೆ ಹೇಳುತ್ತದೆ. ಅರಸ ಅವರಿಗೆ ತನ್ನ ರಾಜ್ಯದಲ್ಲಿ ಓಡಾಡಲು ಅನುಮತಿ ಕೊಟ್ಟ.

ಈ ಅರಸ ಸ್ವಂತ ಧರ್ಮದ ಬಗ್ಗೆ ಉದಾಸೀನನಾಗಿದ್ದವನಲ್ಲ. ಬುದ್ಧನ ದಂತಧಾತುವಿಗೆ ಮಂದಿರ ಕಟ್ಟಿಸಿದವನು. ತನ್ನ ನಾಡಿನಲ್ಲಿ ಭಿಕ್ಷುಗಳ ದೀಕ್ಷೆಯ ಪರಂಪರೆ ನಿಂತುಹೋಗಿದೆ ಎಂದು ಅರಕಾನಿನಿಂದ ಭಿಕ್ಷುಗಳನ್ನು ಕರೆಸಿದವನು. ತನ್ನ ಧರ್ಮವನ್ನು ಶ್ರದ್ಧೆಯಿಂದ ಪಾಲಿಸಿದವನೇ ಬೇರೆ ಧರ್ಮದ ಬಡ ಗುರುವಿಗೆ ಜಾಗ ಕೊಟ್ಟ. ಕ್ರಿಸ್ತನ ಹೆಸರು ಹೇಳುವವರು ಬೇಟೆಯಾಡಿದ ಮನುಷ್ಯನಿಗೆ ಬುದ್ಧನ ಹೆಸರು ಹೇಳುವವನು ನೆರಳಾದ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಸೋಂಕಿಗೆ ಹೆದರಿ ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ನೋಡುವವರಿರಲಿಲ್ಲ. ಜೋಸೆಫ್ ವಾಜರು ಮತ್ತು ಗೋವೆಯಿಂದ ಬಂದಿದ್ದ ಗುರು ಜೋಸೆಫ್ ಕರ್ವಾಲೊ ಅಲ್ಲೇ ಉಳಿದರು. ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂತರು. ರೋಗಿ ಯಾವ ಧರ್ಮದವನೆಂದು ಕೇಳಲಿಲ್ಲ. ಜಾಫ್ನಾದಲ್ಲಿ ಅಪರಿಚಿತಳ ಕೈಯಿಂದ ಕುಡಿದ ಗಂಜಿಯನ್ನು ಹತ್ತು ವರ್ಷಗಳ ಮೇಲೆ ಕ್ಯಾಂಡಿಯಲ್ಲಿ ಅಪರಿಚಿತರಿಗೆ ಹಿಂದಿರುಗಿಸಿದಂತಾಯಿತು. ಆ ಸೇವೆಯನ್ನು ಕಂಡ ಮೇಲೆ ಅರಸ ಅವರ ಕೆಲಸಕ್ಕೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಂಡ.

ಮುಂದೆ ಇನ್ನಷ್ಟು ಗುರುಗಳು ಗೋವೆಯಿಂದ ಬಂದರು. ಬಂದವರು ಅಲ್ಲಿನ ಭಾಷೆ ಕಲಿಯಲೇಬೇಕಾಗಿತ್ತು. 1705ರಲ್ಲಿ ಬಂದ ಗುರು ಜಾಕೋಮ್ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಗ್ರಂಥಗಳನ್ನು ಬರೆದು, ಆ ಎರಡೂ ಭಾಷೆಗಳ ಕಥೋಲಿಕರಿಗೆ ತಮ್ಮದೇ ನುಡಿಯ ಸಾಹಿತ್ಯ ಕೊಟ್ಟರು. ಕೊಂಕಣಿ ಮನೆಮಾತಿನವರು ತಮ್ಮ ಭಾಷೆಯನ್ನು ಅಲ್ಲಿನವರ ಮೇಲೆ ಹೇರಲಿಲ್ಲ. ಹಲವು ಭಾಷೆಗಳಲ್ಲಿ ಬಲಿಪೂಜೆ ನಡೆಯುವ ನಮ್ಮ ಧರ್ಮಪ್ರಾಂತ್ಯದಲ್ಲಿ ಇದು ಸಣ್ಣ ಮಾತಲ್ಲ.

ಊರಿಂದೂರಿಗೆ ಬರಿಗಾಲಲ್ಲಿ ನಡೆದು ದಣಿದ ಜೋಸೆಫ್ ವಾಜರು 1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲೇ ತೀರಿಕೊಂಡರು. ಗೋವೆಗೆ ಅವರು ಮರಳಿ ಹೋಗಲೇ ಇಲ್ಲ. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ನಮಗೆ ಏನು ಹೇಳುತ್ತಾರೆ?

ಅವರ ಬದುಕಿನಲ್ಲಿ ಒಂದು ಕ್ರಮ ಕಾಣುತ್ತದೆ. ಮೊದಲು ನೆರೆಯವರ ಕೈಯ ಅನ್ನ ಉಂಡರು. ಆಮೇಲೆ ಅವರ ಮಾತು ಕಲಿತರು. ಆಮೇಲೆ ಅವರ ಕಷ್ಟಕ್ಕೆ ನಿಂತರು. ಇಷ್ಟಾದ ಮೇಲೆ ಅವರ ನಂಬಿಕೆಯ ಬಗ್ಗೆ ಜನರೇ ಕೇಳುವಂತಾಯಿತು. ಕೊರಳಿನ ಜಪಮಾಲೆ ಮಾತ್ರ ಮೊದಲ ದಿನದಿಂದಲೂ ಇತ್ತು. ಹೊಸ ಊರಿಗೆ ಹೋಗುವ ನಮ್ಮ ಮಕ್ಕಳಿಗೆ ಹೇಳಿ ಕಳುಹಿಸಬೇಕಾದದ್ದು ಇದೇ. ಶಿಲುಬೆಯನ್ನು ಅಡಗಿಸಿಡಬೇಡಿ, ಅದನ್ನು ಯಾರ ಮುಖಕ್ಕೂ ಹಿಡಿಯಲೂ ಬೇಡಿ. ಪಕ್ಕದ ಮನೆಯವರು ತಟ್ಟೆಯಲ್ಲಿ ಹಬ್ಬದ ತಿಂಡಿ ತಂದರೆ ಎರಡೂ ಕೈಯಿಂದ ತೆಗೆದುಕೊಳ್ಳಿ, ಕ್ರಿಸ್ತಜಯಂತಿಗೆ ಆ ತಟ್ಟೆಯನ್ನು ತುಂಬಿಸಿ ಹಿಂದಿರುಗಿಸಿ. ಅವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಹೋಗುವವರು ನೀವಾಗಿರಿ.

ಇನ್ನೊಂದು ಪ್ರಶ್ನೆ ಊರಲ್ಲೇ ಉಳಿದ ನಮಗೆ. ನಮ್ಮ ಇಗರ್ಜಿಯ ಸುತ್ತ ನಮ್ಮವರೇ ಹೆಚ್ಚಾಗಿರುವ ಕೇರಿಗಳೂ ಇವೆ. ಅಲ್ಲಿಗೆ ಬೇರೆ ಧರ್ಮದ ಕುಟುಂಬವೊಂದು ಬಾಡಿಗೆ ಮನೆ ಕೇಳಿಕೊಂಡು ಬಂದಾಗ ನಾವು ಯಾರಂತೆ ನಡೆದುಕೊಳ್ಳುತ್ತೇವೆ? ಜಾಫ್ನಾದ ಡಚ್ಚರಂತೆಯೋ, ಕ್ಯಾಂಡಿಯ ಅರಸನಂತೆಯೋ? ಹೊಸಬರಾಗಿ ಹೋದಾಗ ನಾವು ಬಯಸುವ ಆದರವನ್ನು ಹೊಸಬರಾಗಿ ಬಂದವರಿಗೆ ಕೊಡದಿದ್ದರೆ, ಈ ಸಂತರ ಹಬ್ಬ ಆಚರಿಸಿ ಫಲವೇನು? ಹಬ್ಬದ ದಿನ ಬಲಿಪೂಜೆಗೆ ಬರುವಾಗ ಈ ಪ್ರಶ್ನೆಯನ್ನೂ ಜೊತೆಗೆ ತರೋಣ.

ಸಂತ ಜೋಸೆಫ್ ವಾಜರೇ, ನಮಗಾಗಿಯೂ ನಮ್ಮ ನೆರೆಯವರಿಗಾಗಿಯೂ ಪ್ರಾರ್ಥಿಸಿರಿ.